ಓಟಿ ಸಿಸ್ಟರ್‌ಗೇ ಆಪರೇಷನ್ ಭಯ: ಅರಿವಳಿಕೆ ವೈದ್ಯರ ಉತ್ತರ

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್‌ನಲ್ಲಿ (ಓಟಿ) ಸ್ಕ್ರಬ್ ನರ್ಸ್, ಅಂದರೆ ಸರ್ಜನ್ ಕೈಗೆ ಉಪಕರಣ ಕೊಡುವವಳು. ಈ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಪಿತ್ತಕೋಶದಲ್ಲಿ ಕಲ್ಲಿದೆ. ಊಟ ಆದಮೇಲೆ ಬಲ ಪಕ್ಕೆಯ ಕೆಳಗೆ ಆಗಾಗ ನೋವು ಬರುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ) ತೆಗೆಸಿಬಿಡಿ ಎಂದು ಸರ್ಜನ್ ಹೇಳಿದ್ದಾರೆ. ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ಇದೇ ಆಪರೇಷನ್‌ಗೆ ಎಷ್ಟೋ ಸಲ ಟ್ರಾಲಿ ಜೋಡಿಸಿದ್ದೇನೆ. 'ಏನೂ ಆಗಲ್ಲ, ಹೆದರಬೇಡಿ' ಎಂದು ಪೇಷೆಂಟ್‌ಗಳಿಗೆ ದಿನಾ ಹೇಳುವವಳೂ ನಾನೇ. ಈಗ ನಾನೇ ಆ ಟೇಬಲ್ ಮೇಲೆ ಮಲಗಬೇಕು ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಮಧ್ಯದಲ್ಲಿ ಎಚ್ಚರ ಆದರೆ? ಏಳದೇ ಹೋದರೆ? ನಮ್ಮವರ ಎದುರೇ ಬಟ್ಟೆ ಇಲ್ಲದೆ ಮಲಗಬೇಕಲ್ಲ? ಪೂರ್ತಿ ಮಲಗಿಸುವ ಜನರಲ್ ಬದಲು ಬೆನ್ನಿಗೆ ಚುಚ್ಚುವ ಸ್ಪೈನಲ್ ಕೊಟ್ಟು ಮಾಡಬಹುದೇ? ನಮ್ಮ ಆಸ್ಪತ್ರೆಯಲ್ಲೇ ಮಾಡಿಸಲೋ, ಬೇರೆ ಕಡೆ ಹೋಗಲೋ? ಕೆಲವು ತಿಂಗಳ ಹಿಂದೆ ನಮ್ಮ ಥಿಯೇಟರ್‌ನಲ್ಲಿ ಒಬ್ಬರು ಟೇಬಲ್ ಮೇಲೆಯೇ ತೀರಿಕೊಂಡರು, ಅದು ಎಮರ್ಜೆನ್ಸಿ ಕೇಸ್. ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲೂ ನಾಚಿಕೆ.

ಉತ್ತರ: ಸಿಸ್ಟರ್, ಮೊದಲು ನಾಚಿಕೆಯ ವಿಷಯ ಮುಗಿಸಿಬಿಡೋಣ. ಪ್ರೀ-ಆಪ್ ಚೆಕಪ್‌ಗೆ, ಅಂದರೆ ಆಪರೇಷನ್ ಮೊದಲಿನ ತಪಾಸಣೆಗೆ, ಪೇಷೆಂಟ್ ಆಗಿ ಬರುವ ಆಸ್ಪತ್ರೆ ಸಿಬ್ಬಂದಿಯನ್ನು ಗುರುತಿಸುವುದು ಬಹಳ ಸುಲಭ. ಅವರು ಭಯದ ಮಾತೇ ಎತ್ತುವುದಿಲ್ಲ. ಉಸಿರಾಟಕ್ಕೆ ಯಾವ ಸೈಜ್ ಟ್ಯೂಬ್ ಹಾಕ್ತೀರಿ, ಸ್ನಾಯು ಸಡಿಲಿಸಲು ಯಾವ ರಿಲ್ಯಾಕ್ಸೆಂಟ್ ಕೊಡ್ತೀರಿ ಎಂದು ಕೇಳುತ್ತಾರೆ. ಸರ್ಜನ್‌ಗಳು ಜೋಕ್ ಹೊಡೆಯುತ್ತಾರೆ. ನಮ್ಮ ಅನಸ್ತೇಶಿಯಾ (ಅರಿವಳಿಕೆ) ವಿಭಾಗದವರದ್ದು ಇನ್ನೂ ಕಷ್ಟ, ಡೋಸ್ ಸಮೇತ ತಾವೇ ಪ್ಲಾನ್ ಬರೆದುಕೊಂಡು ಬರುತ್ತಾರೆ. ಬಿಪಿ ನೋಡಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ನೀವು ಭಯವನ್ನು ನೇರವಾಗಿ ಬರೆದಿದ್ದೀರಿ. ಅಷ್ಟರ ಮಟ್ಟಿಗೆ ಅವರಿಗಿಂತ ಮುಂದಿದ್ದೀರಿ.

'ಇಷ್ಟೆಲ್ಲ ಗೊತ್ತಿದ್ದೂ ಹೆದರ್ತೀರಾ?' ಎಂದು ಜನ ಕೇಳುತ್ತಾರೆ. ಗೊತ್ತಿರುವುದರಿಂದಲೇ ಹೆದರುವುದು ಎಂದು ನೀವು ಉತ್ತರ ಕೊಡಬಹುದು. ನನ್ನ ಅನಿಸಿಕೆ ಸ್ವಲ್ಪ ಬೇರೆ. ನಿಮಗೆ ಗೊತ್ತಿರುವುದು ಅರ್ಧ ಕಥೆ. ಅದೂ ಕೆಟ್ಟ ಅರ್ಧ.

ಯೋಚಿಸಿ ನೋಡಿ. ನೀವು ಗಾಜ್ ಬಟ್ಟೆ ಎಣಿಸಿ, ಕೌಂಟ್ ಸರಿಯಿದೆ ಎಂದು ಹೇಳಿ ಕಳಿಸಿದ ಪೇಷೆಂಟ್‌ಗಳಲ್ಲಿ ಎಷ್ಟು ಜನರ ಮುಖ ನೆನಪಿದೆ? ಚೆನ್ನಾಗಿ ಎದ್ದು, ಮಾರನೇ ದಿನ ಮನೆಗೆ ಹೋಗಿ, ಎರಡು ವಾರಕ್ಕೆ ಕೆಲಸಕ್ಕೆ ಹೋದವರನ್ನು ನೀವು ನೋಡುವುದೇ ಇಲ್ಲ. ಅವರು ಹೊಲಿಗೆ ಬಿಚ್ಚಿಸಲು ಬರುವುದು ಓಪಿಡಿಗೆ, ಓಟಿಗಲ್ಲ. ರಕ್ತ ನಿಲ್ಲದ ಕೇಸ್, ಟ್ಯೂಬ್ ಹೋಗದ ಕೇಸ್, ಸಿಪಿಆರ್ ಮಾಡಿದ ಕೇಸ್ ಮಾತ್ರ ತಾರೀಖು ಸಮೇತ ನೆನಪಿರುತ್ತದೆ. ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತದೆ ಎಂದು ನಮ್ಮ ತಲೆ ಲೆಕ್ಕ ಹಾಕುತ್ತದೆ. ಟ್ವೆರ್ಸ್ಕಿ ಮತ್ತು ಕಾನ್‌ಮನ್ ಎಂಬ ಮನೋವಿಜ್ಞಾನಿಗಳು 1973ರಲ್ಲೇ ಇದನ್ನು ತೋರಿಸಿದ್ದರು. ಐಸಿಯು ಮತ್ತು ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಅವರ ಹತ್ತಿರ ಬರುವುದೇ ಕೆಟ್ಟು ಹೋದ ಕೇಸ್‌ಗಳು.

ಹಾಗಾದರೆ ನಿಜವಾದ ಲೆಕ್ಕ ಏನು? ಬೇರೆ ದೊಡ್ಡ ಕಾಯಿಲೆ ಇಲ್ಲದ ವ್ಯಕ್ತಿ ಅರಿವಳಿಕೆಯಿಂದಲೇ ಸಾಯುವ ಸಾಧ್ಯತೆ ಸುಮಾರು 1 ಲಕ್ಷಕ್ಕೆ ಒಂದು. ಆಪರೇಷನ್‌ನ ಅಪಾಯ ಬೇರೆ, ಅದನ್ನೂ ಮುಚ್ಚಿಡುವುದಿಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೆ ಏಟು ಬೀಳುವುದು 1000ಕ್ಕೆ ಮೂರರಿಂದ ಐದು ಜನರಿಗೆ. ಕೆಲವರಿಗೆ ಹೊಟ್ಟೆ ತೆರೆದೇ ಮುಗಿಸಬೇಕಾಗುತ್ತದೆ. ಇದು ನಿಮಗೆ ಹೊಸದಲ್ಲ. ಆದರೆ ನಿಮ್ಮ ತಲೆಯಲ್ಲಿರುವ ಅಂದಾಜು ಈ ಸಂಖ್ಯೆಗಿಂತ ಎಷ್ಟು ಪಟ್ಟು ದೊಡ್ಡದು ಎಂದು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಸಂಖ್ಯೆಗಳಿಂದ ರಾತ್ರಿ ಎರಡು ಗಂಟೆಯ ಭಯ ಹೋಗುವುದಿಲ್ಲ, ಅದು ನನಗೂ ಗೊತ್ತು. ಹಗಲಿನಲ್ಲಿ ಆಪರೇಷನ್ ದಿನ ಗೊತ್ತುಮಾಡುವಾಗ ಮಾತ್ರ ಉಪಯೋಗಕ್ಕೆ ಬರುತ್ತವೆ.

ಇನ್ನು ಮಧ್ಯದಲ್ಲಿ ಎಚ್ಚರ ಆಗುವ ವಿಷಯ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಇದರ ಬಗ್ಗೆ ದೊಡ್ಡ ಸಮೀಕ್ಷೆ ನಡೆದು 2014ರಲ್ಲಿ ವರದಿ ಬಂತು. ಪೇಷೆಂಟ್‌ಗಳು ತಾವಾಗಿ ಬಂದು ಹೇಳಿಕೊಂಡಿದ್ದನ್ನು ಲೆಕ್ಕ ಹಾಕಿದರೆ ಸುಮಾರು 19,000ಕ್ಕೆ ಒಬ್ಬರು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟವರಲ್ಲಿ ಸುಮಾರು 8,000ಕ್ಕೆ ಒಬ್ಬರು, ಕೊಡದವರಲ್ಲಿ ಸುಮಾರು 1,36,000ಕ್ಕೆ ಒಬ್ಬರು. ನಿಮ್ಮ ಆಪರೇಷನ್‌ಗೆ ಆ ಔಷಧಿ ಬೇಕು. ಹಾಗಾಗಿ ನೀವು ನೋಡಬೇಕಾದ್ದು 8,000ದ ಲೆಕ್ಕ. ಆಪರೇಷನ್ ಆದಮೇಲೆ ಪ್ರತಿಯೊಬ್ಬರನ್ನೂ ಬಿಡಿಸಿ ಬಿಡಿಸಿ ಕೇಳಿದ ಅಧ್ಯಯನಗಳಲ್ಲಿ 1000ಕ್ಕೆ ಒಬ್ಬಿಬ್ಬರು ಸಿಕ್ಕಿದ್ದಾರೆ. ಇದನ್ನೂ ನೀವು ಎಲ್ಲೋ ಕೇಳಿರುತ್ತೀರಿ, ಅದಕ್ಕೇ ಹೇಳಿದೆ. ಆ ವರದಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಮೂರರಲ್ಲಿ ಎರಡು ಭಾಗ ಎಚ್ಚರಗಳು ಆಗಿದ್ದು ಮಲಗಿಸುವಾಗ ಅಥವಾ ಎಬ್ಬಿಸುವಾಗ, ಕತ್ತರಿಸುವ ಹೊತ್ತಿನಲ್ಲಲ್ಲ. ಹೆಚ್ಚಿನವು ಐದು ನಿಮಿಷದೊಳಗೆ ಮುಗಿದಿದ್ದವು. ಹಾಗಂತ ಸಣ್ಣ ವಿಷಯ ಅಲ್ಲ, ಕೆಲವರಿಗೆ ಅದು ವರ್ಷಗಟ್ಟಲೆ ಕಾಡುತ್ತದೆ. ನೀವು ಅನಸ್ತೇಶಿಯಾ ಡಾಕ್ಟರ್‌ಗೆ ಕೇಳಬೇಕಾದ ಪ್ರಶ್ನೆ ಎರಡೇ. ಮಲಗಿಸಲು ಗ್ಯಾಸ್ ಕೊಡ್ತೀರೋ, ಬರೀ ರಕ್ತನಾಳಕ್ಕೆ ಪ್ರೊಪೊಫಾಲ್ ಎಂಬ ಮತ್ತಿನ ಔಷಧಿ ಓಡಿಸ್ತೀರೋ? ರಕ್ತನಾಳದಲ್ಲೇ ಆದರೆ ಮೆದುಳಿನ ಮಾನಿಟರ್ ಹಾಕ್ತೀರಾ? ಎಬ್ಬಿಸುವ ಮೊದಲು ಸ್ನಾಯುವಿನ ಶಕ್ತಿ ಪೂರ್ತಿ ವಾಪಸ್ ಬಂದಿದೆಯಾ ಎಂದು ನರ್ವ್ ಸ್ಟಿಮ್ಯುಲೇಟರ್ ಎಂಬ ಉಪಕರಣದಲ್ಲಿ ನೋಡ್ತೀರಾ ಎಂದೂ ಸೇರಿಸಿ ಕೇಳಿ. ಮೂರಾಯಿತು, ಇರಲಿ. ಯಾವ ಡಾಕ್ಟರೂ ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು.

'ಏಳದೇ ಹೋದರೆ' ಎಂಬುದಕ್ಕೆ ಉತ್ತರ ಚಿಕ್ಕದು. ಈಗಿನ ಔಷಧಿಗಳು ಕೊಡುವುದನ್ನು ನಿಲ್ಲಿಸಿದರೆ ಇಳಿದುಹೋಗುತ್ತವೆ. ಏಳುವುದು ನಿಧಾನ ಆಗುವುದು ಉಂಟು, ಅದಕ್ಕೆ ಕಾರಣ ಹುಡುಕಿ ಸರಿಮಾಡುತ್ತೇವೆ. ಆರೋಗ್ಯವಾಗಿರುವ ವ್ಯಕ್ತಿ ಕಾರಣವೇ ಇಲ್ಲದೆ ಏಳದೇ ಉಳಿಯುವುದು ಸಿನಿಮಾದ ಮಾತು.

ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನಾನು ನಿಂತಿದ್ದು ಬೇರೆ ಸಾಲಿನ ಮೇಲೆ. ಥಿಯೇಟರ್‌ನಲ್ಲಿ ಒಬ್ಬರು ತೀರಿಕೊಂಡರು ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಆ ಕೇಸ್‌ನಲ್ಲಿ ನೀವೂ ಇದ್ದಿರಾ? ಅದಾದ ಮೇಲೆ ಯಾರಾದರೂ ನಿಮ್ಮನ್ನು ಕೂರಿಸಿಕೊಂಡು ಮಾತಾಡಿಸಿದರಾ? ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಟೇಬಲ್ ಒರೆಸಿ, ಮುಂದಿನ ಕೇಸ್ ತರಿಸಿ ಎನ್ನುತ್ತಾರೆ. ಪೇಷೆಂಟ್‌ಗೆ ಆದ ಅನಾಹುತದಲ್ಲಿ ಚಿಕಿತ್ಸೆ ಕೊಟ್ಟವರೂ ಗಾಯಗೊಳ್ಳುತ್ತಾರೆ ಎಂದು ಅಮೆರಿಕದ ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಬರೆದರು. ಅವರನ್ನು ಎರಡನೇ ಬಲಿಪಶು ಎಂದು ಕರೆದರು. ಆ ಹೆಸರು ಎಲ್ಲರಿಗೂ ಇಷ್ಟವಾಗಿಲ್ಲ, ನನಗೂ ಅಷ್ಟಾಗಿ ಹಿಡಿಸದು. ವಿಷಯ ಮಾತ್ರ ಸತ್ಯ.

ಆದ್ದರಿಂದ ಇದನ್ನು ಕೇಳಲೇಬೇಕು. ಆ ದಿನದ ದೃಶ್ಯ ಬೇಡ ಅಂದರೂ ಕಣ್ಣ ಮುಂದೆ ಬರುತ್ತದೆಯೇ? ಆ ಥಿಯೇಟರ್ ಒಳಗೆ ಕಾಲಿಡುವಾಗ ಮೈ ಬಿಗಿಯಾಗುತ್ತದೆಯೇ? ನಿದ್ದೆ ಕೆಟ್ಟಿದ್ದರೆ, ಅದು ಆಪರೇಷನ್ ಮಾಡಿಸಿ ಎಂದು ಸರ್ಜನ್ ಹೇಳಿದ ಮೇಲೋ, ಅದಕ್ಕೂ ಮೊದಲೋ? ಟೇಬಲ್ ಮೇಲೆ ಮಲಗಿದ್ದನ್ನು ಊಹಿಸಿಕೊಂಡಾಗ ಕಾಣುವುದು ನಿಮ್ಮ ಮುಖವೋ, ಅವರ ಮುಖವೋ? ಉತ್ತರ ಆ ಕೇಸ್ ಕಡೆಗೆ ಬೆರಳು ತೋರಿಸಿದರೆ ನಿಮಗೆ ಮೊದಲು ಬೇಕಾದವರು ನಾನಲ್ಲ, ಒಬ್ಬ ಮನಃಶಾಸ್ತ್ರಜ್ಞರು ಅಥವಾ ಮನೋವೈದ್ಯರು. ಇಂಥ ತೊಂದರೆಗೆ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ, ವರ್ಷಗಟ್ಟಲೆ ಎಳೆಯುವುದೂ ಬೇಕಿಲ್ಲ. ಅದು ಮುಗಿಯುವ ತನಕ ಆಪರೇಷನ್ ಮುಂದೂಡಬೇಕು ಎಂದೇನಿಲ್ಲ. ಎರಡೂ ಜೊತೆಗೆ ನಡೆಯಬಹುದು. ಇನ್ನೊಂದು ಮಾತು: ತೀರಿಕೊಂಡವರದು ಎಮರ್ಜೆನ್ಸಿ ಎಂದು ನೀವೇ ಬರೆದಿದ್ದೀರಿ. ನಿಮ್ಮದು ಪ್ಲಾನ್ ಮಾಡಿ, ಪರೀಕ್ಷೆ ಎಲ್ಲ ಮುಗಿಸಿ, ಖಾಲಿ ಹೊಟ್ಟೆಯಲ್ಲಿ, ಹಗಲು ಹೊತ್ತಿನಲ್ಲಿ ಮಾಡುವ ಆಪರೇಷನ್. ನಿಮ್ಮದನ್ನು ಎಮರ್ಜೆನ್ಸಿ ಮಾಡಬಲ್ಲದ್ದು ಮುಂದೂಡುವುದೊಂದೇ. ಪಿತ್ತಕೋಶಕ್ಕೆ ಸೋಂಕಾಗಿ ಊದಿಕೊಂಡ ಮೇಲೆ, ಅಥವಾ ಕಲ್ಲು ನಾಳಕ್ಕೆ ಜಾರಿ ಕಾಮಾಲೆಯೋ ಮೇದೋಜೀರಕ ಗ್ರಂಥಿಯ ಉರಿಯೂತವೋ ಬಂದ ಮೇಲೆ ಮಾಡುವ ಆಪರೇಷನ್ ಜಾಸ್ತಿ ಕಷ್ಟ, ಜಾಸ್ತಿ ಅಪಾಯ. ಜ್ವರ, ಕಣ್ಣು ಹಳದಿ, ಗಾಢ ಬಣ್ಣದ ಮೂತ್ರ, ಗಂಟೆಗಟ್ಟಲೆ ಬಿಡದ ನೋವು, ನಿಲ್ಲದ ವಾಂತಿ, ಇದರಲ್ಲಿ ಯಾವುದು ಬಂದರೂ ಡ್ಯೂಟಿ ಮುಗಿಸಿ ತೋರಿಸೋಣ ಎಂದು ಕೂರಬೇಡಿ.

ಈಗ ಸ್ಪೈನಲ್ ವಿಷಯ. ಇದನ್ನು ಆಸ್ಪತ್ರೆಯವರೇ ಜಾಸ್ತಿ ಕೇಳುತ್ತಾರೆ. ಕಾರಣ ನೋವಲ್ಲ, ಏನು ನಡೀತಿದೆ ಎಂದು ತಮಗೆ ಗೊತ್ತಿರಬೇಕು, ಅಷ್ಟೇ. ಇಂಥವರಿಗೆ ಒಬ್ಬ ಹಿರಿಯ ಇದ್ದಾನೆ. ಅಮೆರಿಕದ ಇವಾನ್ ಓನೀಲ್ ಕೇನ್ ಎಂಬ ಸರ್ಜನ್ 1921ರಲ್ಲಿ, ತನ್ನ ಸುಮಾರು 60ನೇ ವಯಸ್ಸಿನಲ್ಲಿ, ಲೋಕಲ್ ಅನಸ್ತೇಶಿಯಾ ಚುಚ್ಚಿಕೊಂಡು ತನ್ನ ಅಪೆಂಡಿಕ್ಸ್ ತಾನೇ ತೆಗೆದುಕೊಂಡ. ಬೇರೆ ವೈದ್ಯರು ಪಕ್ಕದಲ್ಲೇ ನಿಂತಿದ್ದರು! ಲೋಕಲ್ ಸಾಕು ಎಂದು ತೋರಿಸುವುದು ಅವನ ಹಟ. ಹತ್ತು ವರ್ಷ ಕಳೆದ ಮೇಲೆ ತನ್ನ ಹರ್ನಿಯಾವನ್ನೂ ಹಾಗೇ ಮಾಡಿಕೊಂಡ. 1961ರಲ್ಲಿ ಅಂಟಾರ್ಕ್ಟಿಕಾದಲ್ಲಿದ್ದ ರಷ್ಯಾದ ಲಿಯೊನಿಡ್ ರೊಗೊಜೊವ್ ಕೂಡ ತನ್ನ ಅಪೆಂಡಿಕ್ಸ್ ತಾನೇ ತೆಗೆದ. ಆದರೆ ಆ ಶಿಬಿರದಲ್ಲಿ ಇದ್ದ ಒಬ್ಬನೇ ಡಾಕ್ಟರ್ ಅವನು, ಬೇರೆ ದಾರಿ ಇರಲಿಲ್ಲ. ನಿಮಗೆ ದಾರಿ ಇದೆ.

ಸ್ಪೈನಲ್‌ನಲ್ಲಿ ಲ್ಯಾಪ್ರೋಸ್ಕೋಪಿ ಮಾಡಿದವರು ಇದ್ದಾರೆ, ಆಗುವುದೇ ಇಲ್ಲ ಎಂದಲ್ಲ. ಆದರೆ ಹೊಟ್ಟೆಗೆ ಗ್ಯಾಸ್ ತುಂಬಿದಾಗ ವಪೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲೆ ಒತ್ತಡ ಬೀಳುತ್ತದೆ. ಎಚ್ಚರ ಇರುವವರಿಗೆ ಭುಜ ಹಿಂಡಿದಂತಾಗುತ್ತದೆ, ಉಸಿರು ಕಟ್ಟಿದ ಹಾಗೆ ಅನಿಸುತ್ತದೆ. ಅದಕ್ಕೇ ಸಾಮಾನ್ಯವಾಗಿ ಇದಕ್ಕೆ ಜನರಲ್ ಅನಸ್ತೇಶಿಯಾ ಕೊಡುವುದು. ಅದು ಬಿಡಿ. ನಿಮ್ಮ ಮಟ್ಟಿಗೆ ದೊಡ್ಡ ಕಾರಣ ಬೇರೆ ಇದೆ. ಎಚ್ಚರ ಇದ್ದರೆ ರಕ್ತ ಹೀರುವ ಸಕ್ಷನ್ ಸದ್ದು ಕೇಳುತ್ತೀರಿ. ಮಾನಿಟರ್‌ನ ಟೋನ್ ಸ್ವಲ್ಪ ಇಳಿದರೂ ಸ್ಯಾಚುರೇಷನ್ (ರಕ್ತದ ಆಮ್ಲಜನಕ) ಎಷ್ಟು ಎಂದು ಕೇಳುತ್ತೀರಿ. ಸರ್ಜನ್ ಸುಮ್ನೆ 'ಛೆ' ಅಂದರೂ ಸಾಕು, ಆ ಒಂದು ಅಕ್ಷರಕ್ಕೆ ಹತ್ತು ಅರ್ಥ ಹುಡುಕುತ್ತೀರಿ. ಬೇರೆ ಪೇಷೆಂಟ್‌ಗೆ ಅದು ಬರೀ ಶಬ್ದ, ನಿಮಗೆ ಸುದ್ದಿ. ಮಂಡಿ, ಹರ್ನಿಯಾ, ಸಿಸೇರಿಯನ್ ಆಗಿದ್ದರೆ ಸ್ಪೈನಲ್ ಒಳ್ಳೆಯ ಆಯ್ಕೆ ಎಂದೇ ಹೇಳುತ್ತಿದ್ದೆ, ಜೊತೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ ಎನ್ನುತ್ತಿದ್ದೆ. ಇದಕ್ಕೆ ಬೇಡ.

ಬಟ್ಟೆಯ ಮಾತಿಗೆ ಬರೋಣ. ನೀವು ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಅನುಭವದಲ್ಲಿ ಆಸ್ಪತ್ರೆಯವರು ಆಪರೇಷನ್ ಮುಂದೂಡಲು ಇದೇ ದೊಡ್ಡ ಕಾರಣ, ಸಾವಿನ ಭಯ ಆಮೇಲೆ. ಸಾವಿನ ಭಯವನ್ನು ಹೇಳಿಕೊಳ್ಳಬಹುದು, ಇದನ್ನು ಹೇಳಿಕೊಳ್ಳೋಕೆ ಆಗಲ್ಲ. ನಾಳೆ ಅದೇ ಜನರ ಜೊತೆ ಡ್ಯೂಟಿ ಮಾಡಬೇಕು. ಅನಸ್ತೇಶಿಯಾ ಕೊಟ್ಟ ಪೇಷೆಂಟ್‌ನ ಬಗ್ಗೆ ಥಿಯೇಟರ್‌ನಲ್ಲಿ ಯಾರೋ ಏನೋ ಅಂದಿದ್ದನ್ನು ನೀವೂ ಒಮ್ಮೆ ಕೇಳಿರುತ್ತೀರಿ, ಅಲ್ವಾ?

ಇದಕ್ಕೆ ಧೈರ್ಯ ಹೇಳುವುದಕ್ಕಿಂತ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಈ ಆಪರೇಷನ್‌ಗೆ ತೆರೆಯಬೇಕಾದ್ದು ಹೊಟ್ಟೆ ಮಾತ್ರ. ಒಳಉಡುಪು ಹಾಕಿಕೊಂಡೇ ಇರಬಹುದೇ ಎಂದು ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ. ಸರಳವಾದ ಪಿತ್ತಕೋಶದ ಆಪರೇಷನ್‌ಗೆ ಮೂತ್ರದ ಕ್ಯಾತಿಟರ್ (ನಳಿಕೆ) ಸಾಮಾನ್ಯವಾಗಿ ಬೇಕಿಲ್ಲ. ಒಳಗೆ ಹೋಗುವ ಸ್ವಲ್ಪ ಮೊದಲು ಮೂತ್ರ ಮಾಡಿ ಬಂದರೆ ಸಾಕು, ಆದರೆ ಸರ್ಜನ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಿದ್ದೆ ಬರುವ ತನಕ ಹೊದಿಕೆ ತೆಗೆಯಬೇಡಿ, ಆಪರೇಷನ್ ವೇಳೆ ಮುಚ್ಚುವ ಡ್ರೇಪ್ ಬಟ್ಟೆ ತೆಗೆದ ತಕ್ಷಣ ಹೊದಿಸಿ ಎಂದು ಹೇಳುವ ಹಕ್ಕು ಯಾವ ಪೇಷೆಂಟ್‌ಗೂ ಇದೆ. ರೂಮಿನಲ್ಲಿ ಯಾರು ಇರುತ್ತಾರೆ ಎಂದು ಕೇಳಿ. ವಿದ್ಯಾರ್ಥಿಗಳು, ನೋಡಲು ಬಂದವರು ಬೇಡ ಎನ್ನಿ. ನಿಮಗೆ ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಮೊದಲೇ ಹೇಳಿ: 'ನಾನು ಮಲಗಿರುವಾಗ ನೀನು ಅಲ್ಲಿರು, ಮುಚ್ಚುವುದು ತೆಗೆಯುವುದು ಎಲ್ಲ ನೀನೇ ನೋಡಿಕೊ.' ಎಲ್ಲಕ್ಕಿಂತ ಜಾಸ್ತಿ ನೆಮ್ಮದಿ ಕೊಡುವುದು ಈ ಒಂದು ಏರ್ಪಾಡು.

ಇದರ ಜೊತೆಗೇ ಇನ್ನೊಂದು ಹಿಂಜರಿಕೆ ಇರುತ್ತದೆ. ರಕ್ತ ಪರೀಕ್ಷೆಗಳ ಫಲಿತಾಂಶ, ಹಳೆಯ ಗರ್ಭಪಾತ, ಮಾನಸಿಕ ಕಾಯಿಲೆಗೆ ತೆಗೆದುಕೊಂಡ ಮಾತ್ರೆ, ಇವೆಲ್ಲ ಫೈಲ್‌ನಲ್ಲಿ ಬರುತ್ತವೆ. ಫೈಲ್ ಯಾರು ತೆರೆಯುತ್ತಾರೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಎಷ್ಟೋ ಜನ ಅನಸ್ತೇಶಿಯಾ ಡಾಕ್ಟರ್ ಹತ್ತಿರವೂ ಸುಳ್ಳು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಗಿಲು ಹಾಕಿಸಿ, ಒಬ್ಬರಿಗೇ ಹೇಳಿ. ಇನ್ನು ಮತ್ತಿನಲ್ಲಿ ಏನಾದರೂ ಬಾಯಿಬಿಡುತ್ತೇನಾ ಎಂಬ ಭಯ, ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಪ್ರೊಪೊಫಾಲ್ ಸತ್ಯ ಹೇಳಿಸುವ ಔಷಧಿ ಅಲ್ಲ. ರಿಕವರಿಯಲ್ಲಿ ಜನ ಸಾಮಾನ್ಯವಾಗಿ ಹೇಳುವುದು 'ಮುಗೀತಾ?' ಅಂತ. ಐದು ನಿಮಿಷ ಬಿಟ್ಟು ಮತ್ತೆ 'ಮುಗೀತಾ?' ಅಂತ.

ನಿಮ್ಮ ಆಸ್ಪತ್ರೆಯಲ್ಲೋ, ಬೇರೆ ಕಡೆಯೋ? ಸ್ತ್ರೀರೋಗದ, ಮೂಲವ್ಯಾಧಿಯ ಆಪರೇಷನ್ ಆಗಿದ್ದರೆ ಬೇರೆ ಕಡೆ ಹೋಗಿ, ಯಾರಿಗೂ ಕಾರಣ ಹೇಳಬೇಕಿಲ್ಲ ಎನ್ನುತ್ತಿದ್ದೆ. ಪಿತ್ತಕೋಶಕ್ಕೆ ಎರಡೂ ಸರಿ. ಆ ಟೀಮ್ ಈ ಆಪರೇಷನ್ ವಾರವಾರ ಮಾಡುತ್ತಿದೆಯೇ, ಆಮೇಲೆ ಆ ಜನರ ಜೊತೆ ಮುಜುಗರವಿಲ್ಲದೆ ಕೆಲಸ ಮಾಡಬಲ್ಲಿರಾ, ಇಷ್ಟು ನೋಡಿ. ನಿಮ್ಮಲ್ಲೇ ಮಾಡಿಸುವುದಾದರೆ ಒಂದು ಎಚ್ಚರಿಕೆ. 'ನಮ್ಮ ಸಿಸ್ಟರ್' ಎಂಬ ಪ್ರೀತಿ ಅಪಾಯ ತರಬಹುದು. ವಿಶೇಷ ಪೇಷೆಂಟ್‌ಗಳಿಗೆ ವಿಶೇಷ ಉಪಚಾರ ಮಾಡಲು ಹೋಗಿ ಚಿಕಿತ್ಸೆ ಕೆಡುವುದನ್ನು ವಾಲ್ಟರ್ ವೈಂಟ್ರಾಬ್ ಎಂಬ ಮನೋವೈದ್ಯರು 1964ರಲ್ಲೇ ವಿಐಪಿ ಸಿಂಡ್ರೋಮ್ ಎಂದು ಕರೆದಿದ್ದರು. ನಮ್ಮಲ್ಲಿ ಅದು ಹೀಗೆ ಆಗುತ್ತದೆ: ಪ್ರೀ-ಆಪ್ ಚೆಕಪ್ ಕಾರಿಡಾರ್‌ನಲ್ಲೇ ಮುಗಿಯುತ್ತದೆ. ಮದ್ಯಪಾನ, ಗರ್ಭ, ಮಾತ್ರೆ ಎಂದೆಲ್ಲ ಕೇಳಲು ಸಂಕೋಚಪಟ್ಟು ಬಿಟ್ಟುಬಿಡುತ್ತಾರೆ. ದಿನಾ ಈ ಕೆಲಸ ಮಾಡುವವರನ್ನು ಬಿಟ್ಟು, ಗೌರವಕ್ಕೆ ಎಂದು ವಿಭಾಗದ ಮುಖ್ಯಸ್ಥರನ್ನು ಕರೆಸುತ್ತಾರೆ. ಆಪರೇಷನ್ ಮೊದಲು ಹೆಸರು, ಅಲರ್ಜಿ ಎಲ್ಲ ಖಚಿತಪಡಿಸುವ ಚೆಕ್‌ಲಿಸ್ಟ್ ಓದುವುದನ್ನು 'ಇವರು ಗೊತ್ತಲ್ಲ' ಎಂದು ಹಾರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆ ಚೆಕ್‌ಲಿಸ್ಟ್ ಬಂದಿದ್ದು 2008ರಲ್ಲಿ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಆದ್ದರಿಂದ ಟೀಮ್‌ಗೆ ಹೇಳಿಬಿಡಿ: ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿ, ಹೆಸರು ಕೇಳಿ, ಅಲರ್ಜಿ ಕೇಳಿ, ಎಲ್ಲ ಜೋರಾಗಿ ಓದಿ. ಯಾವ ಸರ್ಜನ್ ಕೈ ಶಾಂತ, ಯಾವ ಅನಸ್ತೇಶಿಯಾ ಡಾಕ್ಟರ್ ಕಷ್ಟ ಬಂದಾಗ ಕೂಗಾಡುವುದಿಲ್ಲ ಎಂದು ನಿಮಗೆ ಗೊತ್ತಿದೆ. ಹೊರಗಿನ ಪೇಷೆಂಟ್‌ಗೆ ಸಿಗದ ಆ ಮಾಹಿತಿಯನ್ನು ಟೀಮ್ ಆರಿಸುವಾಗ ಪೂರ್ತಿ ಬಳಸಿ. ಟೇಬಲ್ ಹತ್ತಿದ ಮೇಲೆ ಡ್ಯೂಟಿ ಅವರದು.

ಆಸ್ಪತ್ರೆಯವರಿಗೆ ಇನ್ನೊಂದು ಅನ್ಯಾಯ ಆಗುತ್ತದೆ. ನಿಮಗೆ ಎಲ್ಲ ಗೊತ್ತು ಎಂದುಕೊಂಡು ಯಾರೂ ಏನೂ ವಿವರಿಸುವುದಿಲ್ಲ. ನಿಮಗೆ ಗೊತ್ತಿರುವುದು ಟೇಬಲ್ ಪಕ್ಕದಲ್ಲಿ ನಿಂತವರ ಕಥೆ. ಮಲಗಿದವರಿಗೆ ಏನನಿಸುತ್ತದೆ ಎಂದು ನಿಮಗೂ ಗೊತ್ತಿಲ್ಲ. 1964ರಲ್ಲಿ ಎಗ್ಬರ್ಟ್ ಎಂಬ ಅನಸ್ತೇಶಿಯಾ ವೈದ್ಯರ ತಂಡ ಬಾಸ್ಟನ್‌ನಲ್ಲಿ ಹೊಟ್ಟೆಯ ಆಪರೇಷನ್ ಆಗುವ 97 ಜನರ ಮೇಲೆ ಒಂದು ಅಧ್ಯಯನ ಮಾಡಿತು. ಅರ್ಧ ಜನರಿಗೆ ಆಮೇಲೆ ಎಲ್ಲಿ, ಯಾಕೆ, ಎಷ್ಟು ಹೊತ್ತು ನೋವು ಇರುತ್ತದೆ, ಹೇಗೆ ಹೊರಳಬೇಕು ಎಂದು ಮೊದಲೇ ಹೇಳಿಕೊಟ್ಟರು. ಅವರಿಗೆ ಬೇಕಾದ ನೋವಿನ ಔಷಧಿ ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಹಾಗಾಗಿ ನಾನು ನಿಮಗೂ ಹೇಳುತ್ತೇನೆ.

ಟ್ರಾಲಿಯಲ್ಲಿ ಮಲಗಿ ಹೋಗುವಾಗ ಸೀಲಿಂಗ್ ಮಾತ್ರ ಕಾಣುತ್ತದೆ. ದಿನಾ ಓಡಾಡುವ ಕಾರಿಡಾರ್ ಗುರುತೇ ಸಿಗುವುದಿಲ್ಲ. ಥಿಯೇಟರ್ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಚಳಿ, ಗೌನ್ ಹಾಕಿಕೊಂಡು ನಿಂತವರಿಗೆ ಅದು ತಿಳಿಯುವುದಿಲ್ಲ. ಬೆಚ್ಚಗಿನ ಹೊದಿಕೆ ಕೇಳಿ. ಟೇಬಲ್ ಬಹಳ ಕಿರಿದು ಅನಿಸುತ್ತದೆ. ಮಾಸ್ಕ್ ಮುಖದ ಹತ್ತಿರ ಬಂದಾಗ ಪ್ಲಾಸ್ಟಿಕ್ ವಾಸನೆ. ಉಸಿರು ಕಟ್ಟಿದಂತೆ ಆದರೆ ಹೇಳಿ, ಸ್ವಲ್ಪ ದೂರ ಹಿಡಿಯುತ್ತೇವೆ. ಮೊದಲ ಔಷಧಿಗೆ ತಲೆ ಹಗುರ ಆಗುತ್ತದೆ, ಕೆಲವರಿಗೆ ಕೆಮ್ಮು ಬರುತ್ತದೆ. ಪ್ರೊಪೊಫಾಲ್ ಹೋಗುವಾಗ ಕೈ ಉರಿಯುತ್ತದೆ, ಕೆಲವು ಕ್ಷಣ ಅಷ್ಟೇ. ಅದಾದ ಮೇಲೆ ನಿಮಗೆ ಗೊತ್ತಾಗುವುದು ಯಾರೋ 'ಬಾಯಿ ತೆಗೀರಿ, ಕಣ್ಣು ಬಿಡಿ' ಎಂದು ಕರೆಯುತ್ತಿರುವುದು. ನಡುವೆ ಒಂದು ಗಂಟೆ ಕಳೆದಿದೆ ಎಂದು ನಂಬಿಕೆ ಬರುವುದಿಲ್ಲ. ಗಂಟಲು ಕೆರೆಯುತ್ತದೆ. ಮೈ ನಡುಗಬಹುದು, ಅದು ಭಯಕ್ಕಲ್ಲ. ಹೊಟ್ಟೆಗಿಂತ ಬಲ ಭುಜವೇ ಜಾಸ್ತಿ ನೋಯಬಹುದು. ಅದು ಹೊಟ್ಟೆಗೆ ತುಂಬಿದ್ದ ಕಾರ್ಬನ್ ಡೈಆಕ್ಸೈಡ್‌ನ ಕೆಲಸ, ಒಂದೆರಡು ದಿನದಲ್ಲಿ ಹೋಗುತ್ತದೆ. ಎದ್ದು ಓಡಾಡಿದರೆ ಬೇಗ ಹೋಗುತ್ತದೆ. ಎದೆನೋವು ಎಂದು ನೀವೇ ಡಯಾಗ್ನೋಸಿಸ್ ಮಾಡಿಕೊಂಡು ಇಸಿಜಿ ಕೇಳುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಇಷ್ಟರಲ್ಲಿ ನೀವು ಯೋಚಿಸದೇ ಬಿಟ್ಟಿದ್ದು, ಆದರೆ ಆಗುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ ಇರುವುದು, ವಾಂತಿ. ಆಪ್ಫೆಲ್ ಎಂಬ ಜರ್ಮನ್ ವೈದ್ಯರ 1999ರ ಲೆಕ್ಕ ಸರಳ, ನಾಲ್ಕು ಅಂಶ ನೋಡಬೇಕು. ಹೆಣ್ಣು, ಸಿಗರೇಟು ಸೇದದವರು, ಪ್ರಯಾಣದಲ್ಲಿ ವಾಂತಿ ಆಗುವವರು ಅಥವಾ ಹಿಂದೆ ಆಪರೇಷನ್ ಆದಾಗ ವಾಂತಿ ಆದವರು, ಆಮೇಲೆ ಮಾರ್ಫಿನ್ ಜಾತಿಯ ಔಷಧಿ ಪಡೆಯುವವರು. ಇದರಲ್ಲಿ ಮೂರು ಇದ್ದರೆ ವಾಂತಿ, ಹೊಟ್ಟೆ ತೊಳಸುವಿಕೆಯ ಸಾಧ್ಯತೆ ಸುಮಾರು ಶೇ. 60, ನಾಲ್ಕೂ ಇದ್ದರೆ ಸುಮಾರು ಶೇ. 80. ಬಸ್ಸಿನಲ್ಲಿ ವಾಂತಿ ಬರುವವರಾದರೆ ಮುಂಚೆಯೇ ಹೇಳಿ. ಎರಡು ಮೂರು ಬಗೆಯ ತಡೆ ಔಷಧಿ ಕೊಡುತ್ತೇವೆ, ಗ್ಯಾಸ್ ಬಿಟ್ಟು ಪ್ರೊಪೊಫಾಲ್‌ನಲ್ಲೇ ನಡೆಸಬಹುದು. ಈ ಚಿಂತೆಯಾದರೆ ಮಾಡಿದ್ದಕ್ಕೆ ಫಲ ಸಿಗುತ್ತದೆ.

ಹಿಂದಿನ ರಾತ್ರಿ ಆತಂಕ ಇಳಿಸುವ ಮಾತ್ರೆ ತೆಗೆದುಕೊಳ್ಳಲಾ ಎಂದು ನೀವು ಕೇಳಿಲ್ಲ. ಕೇಳದೇ ಇರುವುದೇ ನನಗೆ ಅನುಮಾನ. ಆಸ್ಪತ್ರೆಯಲ್ಲಿ ಅಲ್ಪ್ರಜೋಲಮ್‌ನಂಥ ಮಾತ್ರೆ ಸಿಗುವುದು ಕಷ್ಟವಲ್ಲ. ಫ್ರಾನ್ಸ್‌ನಲ್ಲಿ ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದು 2015ರಲ್ಲಿ ಬಂದ ಅಧ್ಯಯನದಲ್ಲಿ, ಆಪರೇಷನ್ ಮೊದಲು ಎಲ್ಲರಿಗೂ ಅದೇ ಜಾತಿಯ ಲೊರಾಜೆಪಾಮ್ ಕೊಟ್ಟಿದ್ದರಿಂದ ಪೇಷೆಂಟ್‌ಗಳ ಅನುಭವ ಉತ್ತಮ ಆಗಲಿಲ್ಲ. ಟ್ಯೂಬ್ ತೆಗೆಯುವುದು ಮಾತ್ರ ತಡವಾಯಿತು. ಅದಕ್ಕೆ ನಾನು ಎಲ್ಲರಿಗೂ ಬರೆಯುವುದಿಲ್ಲ. ನಿಮ್ಮಷ್ಟು ಹೆದರಿದವರಿಗೆ ಒಳಗೆ ಕರೆದೊಯ್ಯುವ ಮೊದಲು ರಕ್ತನಾಳಕ್ಕೆ ಮಿಡಜೋಲಮ್ ಎಂಬ ಅಂಥದೇ ಔಷಧಿ ಸ್ವಲ್ಪ ಕೊಡುತ್ತೇನೆ. ಅದು ನಿಮ್ಮ ಡಾಕ್ಟರ್ ನೋಡಿ ನಿರ್ಧರಿಸಲಿ. ನೀವೇ ನುಂಗಿ ಬರಬೇಡಿ. ಊಟ ನಿಲ್ಲಿಸುವುದೂ ಹೇಳಿದಷ್ಟೇ: ಊಟ ತಿಂಡಿ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲಿನವರೆಗೆ. ಹಿಂದಿನ ದಿನವೇ ಎಲ್ಲ ಬಿಟ್ಟು ಒಣಗಿಕೊಂಡು ಬರುವ ಸಿಸ್ಟರ್‌ಗಳು ಬಹಳ. ನೈಟ್ ಡ್ಯೂಟಿ ಮುಗಿಸಿ ನೇರ ಅಡ್ಮಿಟ್ ಆಗುವುದೂ ಬೇಡ. ಗ್ಲೌಸ್ ಹಾಕಿದಾಗ ಕೈ ತುರಿಸುವುದಿದ್ದರೆ ಹೇಳಿ. ಲ್ಯಾಟೆಕ್ಸ್ ಅಲರ್ಜಿ ಆಸ್ಪತ್ರೆ ಕೆಲಸದವರಲ್ಲಿ ಬೇರೆಯವರಿಗಿಂತ ಜಾಸ್ತಿ.

ಕೆಲಸಕ್ಕೆ ವಾಪಸ್ ಹೋಗುವ ವಿಷಯದಲ್ಲೂ ನಿಮ್ಮವರು ಅವಸರ ಮಾಡುತ್ತಾರೆ. ಕೂತು ಕೆಲಸ ಮಾಡುವವರು ಒಂದೆರಡು ವಾರಕ್ಕೆ ಹೋಗಬಹುದು. ನಿಮ್ಮದು ಗಂಟೆಗಟ್ಟಲೆ ನಿಲ್ಲುವ, ಪೇಷೆಂಟ್ ಎತ್ತುವ, ಭಾರದ ಟ್ರೇ ಹೊರುವ ಕೆಲಸ. ಇನ್ನೂ ಕೆಲವು ವಾರ ಭಾರ ಎತ್ತಬಾರದು ಎಂದು ಸರ್ಜನ್ ಹತ್ತಿರ ಬರೆಸಿಕೊಂಡೇ ರಜೆ ಹಾಕಿ.

ಈಗ ಮಾಡಬೇಕಾದ್ದು ಇಷ್ಟು. ಎರಡು ಸಲ ಆಪರೇಷನ್ ದಿನ ಮೊದಲು ಗೊತ್ತುಮಾಡಿ ಓಡಿಹೋದಿರಿ. ಈ ಸಲ ದಿನ ಕೇಳಲೇಬೇಡಿ. ಮೊದಲು ಅನಸ್ತೇಶಿಯಾ ಡಾಕ್ಟರ್ ಹತ್ತಿರ ಅರ್ಧ ಗಂಟೆ ಸಮಯ ತೆಗೆದುಕೊಳ್ಳಿ. ಯೂನಿಫಾರ್ಮ್‌ನಲ್ಲಿ, ಡ್ಯೂಟಿ ನಡುವೆ ಬೇಡ. ರಜೆಯ ದಿನ ಮನೆಯವರ ಜೊತೆ ಪೇಷೆಂಟ್ ಆಗಿ ಹೋಗಿ. ಕೂತ ತಕ್ಷಣ ಮೊದಲ ವಾಕ್ಯ 'ನನಗೆ ತುಂಬಾ ಭಯ ಇದೆ, ಎರಡು ಸಲ ಕ್ಯಾನ್ಸಲ್ ಮಾಡಿದ್ದೇನೆ' ಎಂದಿರಲಿ. ಟೇಬಲ್ ಮೇಲೆ ತೀರಿಕೊಂಡವರ ವಿಷಯವನ್ನೂ ಹೇಳಿ. ಹೆದರಿ ಬಂದವರಿಗೆ ಆಮೇಲೆ ನೋವು ಜಾಸ್ತಿ ಇರುತ್ತದೆ ಎಂದು ನಮಗೆ ಗೊತ್ತು. ಮೊದಲೇ ಹೇಳಿದರೆ ನೋವಿನ ಪ್ಲಾನ್ ಬೇರೆ ಮಾಡುತ್ತೇವೆ. ಸ್ಕ್ಯಾನ್, ರಕ್ತದ ರಿಪೋರ್ಟ್‌ಗಳ ಜೊತೆ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಯಾರೂ ಬರೆದುಕೊಡದೆ ನೀವೇ ತೆಗೆದುಕೊಳ್ಳುತ್ತಿರುವುದೂ ಅದರಲ್ಲಿ ಇರಲಿ.